ಅಕ್ಷರ ಹಿಡಿದು ಪದ ಹುಡುಕುವ ವಿದ್ಯೆ

(ಸೂರಗೊಂಡನಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಬಂಜಾರರ ಸಂತ ಸೇವಾಲಾಲರು ಹುಟ್ಟಿದ ನೆಲದಲ್ಲಿ ನಿಂತು ಮಾತನಾಡುವುದು ದೊಡ್ಡ ಗೌರವ. ಫೆಬ್ರವರಿ ಬಂತೆಂದರೆ ಮಾಲೆ ಧರಿಸಿದ ಭಕ್ತರು ನಮ್ಮ ರಾಜ್ಯದ ಮೂಲೆಮೂಲೆಗಳಿಂದ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಈ ಕ್ಷೇತ್ರಕ್ಕೆ ಬಂದು ಸೇರುತ್ತಾರೆ. ಅವರಾಡುವ ಮಾತಿಗೂ ನನ್ನ ವಿಷಯಕ್ಕೂ ಸಂಬಂಧವಿದೆ. ಅದನ್ನು ಉಪನ್ಯಾಸದ ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇನೆ.

ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಚಿಕ್ಕದು. ಕೆಲವು ಅಕ್ಷರಗಳನ್ನು ಕೊಟ್ಟು, ಆ ಅಕ್ಷರಗಳಿರುವ ಪದಗಳನ್ನು ಹುಡುಕಿ ಎನ್ನುವುದು. ಮುಖ್ಯವಾಗಿ ಇಂಗ್ಲಿಷ್ ಪದಗಳನ್ನು. ಶಾಲೆಗಳ ರಸಪ್ರಶ್ನೆಯಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ: "ಎ, ಇ, ಐ, ಓ, ಯು, ಈ ಐದೂ ಸ್ವರಗಳಿರುವ ಇಂಗ್ಲಿಷ್ ಪದ ಯಾವುದು?" ಮಕ್ಕಳು ಒಕ್ಕೊರಲಿನಿಂದ "ಎಜುಕೇಷನ್" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಚಪ್ಪಾಳೆಯ ನಂತರ ಒಂದು ಗಳಿಗೆ ಅಲ್ಲೇ ನಿಲ್ಲಬೇಕು ಎಂಬುದು ನನ್ನ ವಿನಂತಿ. ಅಕ್ಷರ ಹಿಡಿದು ಪದ ಹುಡುಕುವುದು ಹೊತ್ತು ಕಳೆಯುವ ಆಟವೆಂದು ನಾವು ತಿಳಿದಿದ್ದೇವೆ. ಒಂದು ಭಾಷೆ ತನ್ನ ಹಿಂದಿನದನ್ನು ಎಲ್ಲಿ ಬಚ್ಚಿಟ್ಟಿದೆ ಎಂಬುದನ್ನು ತೋರಿಸಿಕೊಡುವ ವಿದ್ಯೆಯೂ ಅದೇ ಎಂದು ನಾನು ನಂಬಿದ್ದೇನೆ.

ಮೊದಲು, ಅಕ್ಷರ ಎಂದರೆ ಯಾವುದನ್ನು ಎಣಿಸಬೇಕು ಎಂಬುದನ್ನು ಈ ಊರಿನ ಹೆಸರನ್ನೇ ಇಟ್ಟುಕೊಂಡು ನೋಡೋಣ. ಆಮೇಲೆ ಇಂಗ್ಲಿಷಿನ ಪದ ಹುಡುಕಾಟ, ಅದರಿಂದ ನಮ್ಮ ಮಕ್ಕಳ ಕಲಿಕೆಗೆ ಆಗಬಹುದಾದ ಉಪಕಾರ. ಅದಾದ ಮೇಲೆ ನಮ್ಮ ಕವಿಗಳೂ ವೈಯಾಕರಣರೂ ಇದೇ ಕೆಲಸವನ್ನು ಹೇಗೆ ಮಾಡಿದರು ಎಂಬುದು. ಕಡೆಗೆ ಕಂಪ್ಯೂಟರು ಮತ್ತು ಬಂಜಾರರ ಭಾಷೆಯಾದ ಗೋರ್ ಬೋಲಿ.

ಸೂರಗೊಂಡನಕೊಪ್ಪ. ಈ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ?

ಪತ್ರಿಕೆಯ ಪದಬಂಧ ಬಿಡಿಸುವವರು ಕೂಡಲೇ ಏಳು ಎನ್ನುತ್ತಾರೆ. ಸೂ, ರ, ಗೊಂ, ಡ, ನ, ಕೊ, ಪ್ಪ. ಒಂದೊಂದು ಮನೆಗೆ ಒಂದೊಂದು. ಒತ್ತಕ್ಷರವೂ ಸೊನ್ನೆಯೂ ಅದೇ ಮನೆಯಲ್ಲಿ ಕೂರುತ್ತವೆ. ವ್ಯಾಕರಣದ ಮೇಷ್ಟ್ರು ಒಪ್ಪುವುದಿಲ್ಲ. ಸ್, ಊ, ರ್, ಅ ಎಂದು ವರ್ಣಗಳನ್ನು ಬಿಡಿಸುತ್ತಾ ಹೋಗಿ, ಸೊನ್ನೆಯನ್ನೂ ಒಂದೆಂದು ಎಣಿಸಿ, 16 ಎನ್ನುತ್ತಾರೆ. ಇದೇ ಹೆಸರನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಯಂತ್ರದ ಲೆಕ್ಕಕ್ಕೆ 13 ಸಂಕೇತಗಳು ಸಿಗುತ್ತವೆ. ಸ ಒಂದು, ಅದರ ಕೊಂಬಿನ ದೀರ್ಘ ಇನ್ನೊಂದು. ಪ್ಪ ಎಂಬಲ್ಲಿ ಎರಡು ಪಕಾರ, ನಡುವೆ ಒಂದು ಅರ್ಧಾಕ್ಷರದ ಗುರುತು, ಹೀಗೆ. ಇಂಗ್ಲಿಷಿನಲ್ಲಿ ಎರಡು ಓ ಹಾಕಿ ಬರೆದರೆ 17, ಒಂದು ಯು ಹಾಕಿ ಬರೆದರೆ 16. ಒಂದೇ ಊರು, ಒಂದೇ ಉಚ್ಚಾರ, ಲೆಕ್ಕ ಮಾತ್ರ ಬೇರೆಬೇರೆ. ಪ್ರತಿಯೊಂದು ಲೆಕ್ಕವೂ ತನ್ನ ಜಾಗದಲ್ಲಿ ಸರಿಯೇ.

ಈ ವ್ಯತ್ಯಾಸದಿಂದ ಏನಾಗುತ್ತದೆ ಎಂಬುದನ್ನು ಮಕ್ಕಳು ಇಲ್ಲೇ ಪರೀಕ್ಷೆ ಮಾಡಬಹುದು. ಇಂಗ್ಲಿಷಿನ 17 ಅಕ್ಷರಗಳನ್ನು ಬಿಡಿಬಿಡಿ ಚೀಟಿಗಳಲ್ಲಿ ಬರೆದುಕೊಳ್ಳಿ. ನಾಲ್ಕು ಓ, ನಾಲ್ಕು ಎ, ಎರಡು ಎನ್, ಎರಡು ಪಿ. ಎಸ್, ಆರ್, ಜಿ, ಡಿ, ಕೆ ಒಂದೊಂದು. ಈಗ ಪದ ಕಟ್ಟಿ. ರೋಡ್, ಸೋಪ್, ಸ್ಪೂನ್ ಮೊದಲು ಸಿಗುತ್ತವೆ. ಸ್ವಲ್ಪ ಕುಳಿತು ನೋಡಿದರೆ ಏಪ್ರನ್, ಸ್ಪಾರ್ಕ್, ಪಾಂಡಾ, ಡ್ರ್ಯಾಗನ್. ಇನ್ನೂ ಕುಳಿತರೆ ಕಾಂಗರೂ: ಕೆ, ಎ, ಎನ್, ಜಿ, ಎ, ಆರ್, ಓ, ಓ. ಎಂಟೂ ಇವೆ, ಎಣಿಸಿಕೊಳ್ಳಿ. ಅದಕ್ಕಿಂತ ದೊಡ್ಡದು ಪ್ರೊಪಗಾಂಡ, ಹತ್ತು ಅಕ್ಷರದ ಪದ. ಪಿ ಎರಡು, ಎ ಮೂರು ಬೇಕು, ಎರಡೂ ಇವೆ. ಪ್ರೊಪಗಾಂಡ ತೆಗೆದ ಮೇಲೆ ಉಳಿದ ಏಳು ಚೀಟಿಗಳಿಂದ ಸೂನ್ ಮತ್ತು ಓಕ್ ಎಂಬ ಎರಡು ಪದಗಳಾಗುತ್ತವೆ. ಅಲ್ಲಿಗೆ ಹದಿನೇಳೂ ಮುಗಿದು ಕೈ ಬರಿದಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಇ ಈ ಹೆಸರಿನಲ್ಲಿ ಇಲ್ಲವೇ ಇಲ್ಲ. ಆದರೂ ಇಷ್ಟು ಫಸಲು.

ಈಗ ಕನ್ನಡದ ಏಳು ಅಕ್ಷರಗಳನ್ನು ಚೀಟಿಗೆ ಬರೆಯಿರಿ. ಕೊಪ್ಪ, ಗೊಂಡ ಅಲ್ಲೇ ಇವೆ. ಹಿಂದುಮುಂದು ಮಾಡಿದರೆ ನರ, ಕೊಡ. ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತೇವೆ. ಕನ್ನಡ ಬಡವಾಗಿದೆ ಎಂದು ಯಾರೂ ತಿಳಿಯಬಾರದು. ಕನ್ನಡದ ಬರವಣಿಗೆಯಲ್ಲಿ ವ್ಯಂಜನವೂ ಸ್ವರವೂ ಬೆಸೆದುಕೊಂಡೇ ಬರುತ್ತವೆ. ಗೊಂ ಎಂಬುದರಿಂದ ಗಕಾರವನ್ನು ಮಾತ್ರ ಕಿತ್ತು ಬೇರೆ ಕಡೆ ಇಡಲು ಪದಬಂಧದ ಮನೆ ಬಿಡುವುದಿಲ್ಲ. ವ್ಯಾಕರಣದ ಮೇಷ್ಟ್ರ ಹಾಗೆ ವರ್ಣಗಳಾಗಿ ಬಿಡಿಸಿಕೊಂಡರೆ ದಾರಿ ತೆರೆಯುತ್ತದೆ. ಆಗ ಇದೇ ಕೊಪ್ಪದೊಳಗಿಂದ ನಗರ ಎಂಬ ಪದ ಹೊರಡುತ್ತದೆ. ಅಂದರೆ, ಯಾವುದನ್ನು ಅಕ್ಷರವೆಂದು ಒಪ್ಪುತ್ತೇವೆ ಎಂಬುದರ ಮೇಲೆ ನಮಗೆ ಯಾವ ಪದ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ನಿಂತಿದೆ. ಮುಂದಿನ ಮಾತುಗಳಿಗೆಲ್ಲ ಇದೇ ಬುನಾದಿ.

ಇನ್ನು ಇಂಗ್ಲಿಷಿನ ಕಡೆಗೆ ಬರುತ್ತೇನೆ.

ಇಂಗ್ಲಿಷಿನ 26 ಅಕ್ಷರಗಳಲ್ಲಿ ಎಲ್ಲದಕ್ಕೂ ಸಮಾನ ದುಡಿಮೆ ಇಲ್ಲ. ಇದನ್ನು ಲೆಕ್ಕ ಹಾಕಿ ಆಟಕ್ಕೆ ಇಳಿಸಿದವನು ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು ಕುಳಿತಿದ್ದಾಗ ಆತ ಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ. ಆ ಎಣಿಕೆಯಿಂದ ಹುಟ್ಟಿದ ಆಟಕ್ಕೆ 1948ರಲ್ಲಿ ಸ್ಕ್ರಾಬಲ್ ಎಂಬ ಹೆಸರು ಬಂತು. ಅದರ ಪೆಟ್ಟಿಗೆಯಲ್ಲಿ 100 ಬಿಲ್ಲೆಗಳು. ಇ ಹನ್ನೆರಡು ಇವೆ, ಪ್ರತಿಯೊಂದಕ್ಕೂ ಒಂದೇ ಅಂಕ. ಕ್ಯೂ ಒಂದೇ, ಝಡ್ ಒಂದೇ. ಬಳಸಿದವರಿಗೆ ಹತ್ತು ಹತ್ತು ಅಂಕ. ಕ್ಯೂ ಕೈಗೆ ಬಂದವರು ಮೊದಲು ಹುಡುಕುವುದು ಯು ಬಿಲ್ಲೆಯನ್ನು, ಏಕೆಂದರೆ ಇಂಗ್ಲಿಷಿನಲ್ಲಿ ಕ್ಯೂ ಹೆಚ್ಚಾಗಿ ಯು ಜೊತೆಯಲ್ಲದೆ ಬರುವುದಿಲ್ಲ. ಇರಾಕ್, ಕತಾರ್ ಮುಂತಾದ ಅರಬ್ಬಿ ಮೂಲದ ಹೆಸರುಗಳಲ್ಲಿ ಅದು ಒಂಟಿಯಾಗಿ ನಿಲ್ಲುತ್ತದೆ. ಒಂದು ಅಕ್ಷರ ಯಾರ ಜೊತೆ ಕೂರುತ್ತದೆ ಎಂದು ನೋಡಿಯೇ ಆ ಪದ ಎಲ್ಲಿಂದ ಬಂತು ಎಂದು ಊಹಿಸಬಹುದು. ಹುಡುಕಾಟದಿಂದ ಸಿಗುವ ಮೊದಲ ಲಾಭ ಇದು.

ಎರಡನೆಯ ಲಾಭ ನಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಭಾಷೆ ಶುರುವಾಯಿತು. ಕಲಿಸುವ ಕ್ರಮ ಮಾತ್ರ ಬಹಳ ಕಡೆ ಹಳೆಯದೇ ಉಳಿಯಿತು. ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು. ಡಿ ಓ ಜಿ ಡಾಗ್, ಡಾಗ್ ಅಂದ್ರೆ ನಾಯಿ. ಇಷ್ಟರವರೆಗೆ ತೊಂದರೆಯಿಲ್ಲ. ಕಾಗುಣಿತದಲ್ಲಿ ಬೆಳೆದ ಮಗುವಿಗೆ ಒಂದು ನಂಬಿಕೆ ಇರುತ್ತದೆ: ಬರೆದದ್ದನ್ನೆಲ್ಲ ಓದಬೇಕು, ಓದಿದ್ದನ್ನೆಲ್ಲ ಬರೆಯಬೇಕು. ಆ ನಂಬಿಕೆ ಕೆ-ಎನ್-ಐ-ಎಫ್-ಇ ಬಂದ ದಿನ ಮುರಿಯುತ್ತದೆ. ಕೆ ಇದೆ, ಅದನ್ನು ಓದುವ ಹಾಗಿಲ್ಲ. ಮಗು ಯಾಕೆ ಎಂದು ಕೇಳುತ್ತದೆ. "ಅದು ಸೈಲೆಂಟು, ಉರು ಹೊಡಿ" ಎನ್ನುತ್ತೇವೆ. ಅಲ್ಲಿಂದ ಮುಂದೆ ಆ ಮಗು ಯಾಕೆ ಎಂದು ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಅಕ್ಷರಗಳ ಗುಂಪು ಹಿಡಿದು ಪದ ಹುಡುಕಿಸುವುದು. ಕೆ-ಎನ್ ಜೋಡಿಯಿಂದ ಶುರುವಾಗುವ ಪದಗಳನ್ನು ಪಾಠಪುಸ್ತಕದಲ್ಲಿ ಹುಡುಕಿ ಎಂದರೆ ನೈಫ್, ನೀ, ನೋ, ನಾಕ್, ನಾಟ್, ನೈಟ್ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಆಗ ಮಗುವಿಗೆ ಕಾಣುವುದು ಇದು: ತಪ್ಪು ಒಂದು ಪದದ್ದಲ್ಲ, ಒಂದು ಮನೆತನವೇ ಹೀಗಿದೆ. ಹಾಗಿದ್ದರೆ ಕಾರಣವೂ ಒಂದೇ ಇರಬೇಕು. ಕಾರಣ ಇದೆ. ಹಳೆಯ ಇಂಗ್ಲಿಷಿನಲ್ಲಿ ಆ ಕೆ ಬಾಯಲ್ಲಿತ್ತು, ಜನ ಅದನ್ನು ಉಚ್ಚರಿಸುತ್ತಿದ್ದರು. ನೈಟ್ ಎಂಬಲ್ಲಿ ಇಂದು ಮೂಕವಾಗಿರುವ ಜಿ-ಎಚ್ ಕೂಡ ಗಂಟಲಿನಿಂದ ಹೊರಡುವ ಒಂದು ಧ್ವನಿಯಾಗಿತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಮುಂದಿನ ತಲೆಮಾರುಗಳಲ್ಲಿ ಕಾಗುಣಿತ ಅಚ್ಚಿನ ಮೊಳೆಗಳ ಜೊತೆ ಗಟ್ಟಿಯಾಗುತ್ತಾ ಹೋಯಿತು, ಉಚ್ಚಾರ ಮಾತ್ರ ತನ್ನ ಪಾಡಿಗೆ ಬದಲಾಯಿತು. ಬಾಯಿ ಬಿಟ್ಟದ್ದನ್ನು ಕಾಗದ ಬಿಡಲಿಲ್ಲ.

ಇನ್ನೊಂದು ಅಭ್ಯಾಸವನ್ನು ಶಿಕ್ಷಕ ಮಿತ್ರರ ಮುಂದೆ ಇಡುತ್ತೇನೆ. ಕರಿಹಲಗೆಯ ಮೇಲೆ ಕನ್ನಡದಲ್ಲಿ "ಷನ್" ಎಂದು ಬರೆದು, ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಈ ಸದ್ದು ಬರುವ ಮಾತುಗಳನ್ನು ಹೇಳಿ ಎಂದರೆ ಇಂಗ್ಲಿಷ್ ಬಾರದು ಎಂದು ಹಿಂದಿನ ಬೆಂಚಿನಲ್ಲಿ ಕೂತ ಮಗುವೂ ಕೈ ಎತ್ತುತ್ತದೆ. ರೇಷನ್, ಸ್ಟೇಷನ್, ಎಲೆಕ್ಷನ್, ಇಂಜೆಕ್ಷನ್, ಟ್ಯೂಷನ್, ಪೆನ್ಷನ್, ಟೆನ್ಷನ್, ಕಮಿಷನ್, ಫ್ಯಾಷನ್. ಅಜ್ಜಿಯ ಪೆನ್ಷನ್, ಅಪ್ಪನ ರೇಷನ್ ಕಾರ್ಡು ಎಲ್ಲ ಹಲಗೆಗೆ ಬರುತ್ತವೆ. ಈಗ ಇವುಗಳ ಸ್ಪೆಲ್ಲಿಂಗ್ ತೆಗೆದು ಕಂಬಸಾಲು ಮಾಡಬೇಕು. ರೇಷನ್, ಸ್ಟೇಷನ್, ಎಲೆಕ್ಷನ್, ಇಂಜೆಕ್ಷನ್, ಟ್ಯೂಷನ್ ಟಿ-ಐ-ಓ-ಎನ್ ಸಾಲಿಗೆ. ಪೆನ್ಷನ್, ಟೆನ್ಷನ್ ಎಸ್-ಐ-ಓ-ಎನ್ ಸಾಲಿಗೆ. ಕಮಿಷನ್ನಿಗೆ ಎರಡು ಎಸ್. ಫ್ಯಾಷನ್ ಎಸ್-ಎಚ್ ಹಿಡಿದು ಬೇರೆ ನಿಲ್ಲುತ್ತದೆ. ಮೊದಲ ಸಾಲು ಉದ್ದವಾಗಿ ಬೆಳೆಯುವುದನ್ನು ಕಣ್ಣಾರೆ ನೋಡಿದ ಮಗುವಿಗೆ, ಗೊತ್ತಿಲ್ಲದ ಪದ ಬಂದಾಗ ಮೊದಲು ಯಾವ ಸಾಲನ್ನು ಊಹಿಸಬೇಕು ಎಂಬುದು ತಿಳಿದಿರುತ್ತದೆ. ಕಿವಿಯಲ್ಲಿ ಆಗಲೇ ಇರುವ ಇಂಗ್ಲಿಷನ್ನು ಕಣ್ಣಿಗೆ ತರುವ ಕೆಲಸ ಇದು. ಇದಕ್ಕೆ ಖರ್ಚಿಲ್ಲ, ಹೊಸ ಉಪಕರಣ ಬೇಕಿಲ್ಲ.

ಓ-ಯು-ಜಿ-ಎಚ್ ಎಂಬ ನಾಲ್ಕಕ್ಷರದ ಗುಂಪನ್ನು ದೊಡ್ಡ ತರಗತಿಗಳಿಗೆ ಇಟ್ಟುಕೊಳ್ಳಬಹುದು. ದೋ, ಥ್ರೂ, ಕಾಫ್, ರಫ್, ಥಾಟ್: ನಾಲ್ಕೂ ಅಕ್ಷರಗಳು ಎಲ್ಲದರಲ್ಲೂ ಇವೆ, ಸದ್ದು ಒಂದೊಂದರಲ್ಲಿ ಒಂದೊಂದು. ಇವುಗಳನ್ನು ಬೇರೆಬೇರೆ ಪಾಠಗಳಲ್ಲಿ ಚದುರಿಸಿ ಕಲಿಸುವುದಕ್ಕಿಂತ ಒಂದೇ ಕಡೆ ತಂದು ನಿಲ್ಲಿಸಿದರೆ ಮಕ್ಕಳು ಹೆದರುವುದಿಲ್ಲ.

ಇಲ್ಲಿಗೆ ಇಂಗ್ಲಿಷಿನ ಮಾತು ಸಾಕು. ಮೂರನೆಯ ಭಾಗಕ್ಕೆ, ನಮ್ಮ ಕಡೆಗೆ ಬರುತ್ತೇನೆ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಕನ್ನಡದ ಕವಿಗಳು ನೂರಾರು ವರ್ಷ ಅಕ್ಷರ ಹಿಡಿದು ಪದ ಹುಡುಕುವುದನ್ನೇ ನಿತ್ಯದ ಕಸುಬಾಗಿ ಮಾಡಿದರು. ಅವರನ್ನು ಹಾಗೆ ದುಡಿಸಿದ್ದು ಆದಿಪ್ರಾಸ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದ ಸ್ಥಾನದಲ್ಲಿ ಒಂದೇ ವ್ಯಂಜನ ಬರಬೇಕು. ಅಷ್ಟೇ ಸಾಲದು, ಮೊದಲ ಸಾಲಿನ ಮೊದಲಕ್ಷರ ಹ್ರಸ್ವವಾಗಿದ್ದರೆ ಎಲ್ಲ ಸಾಲುಗಳಲ್ಲೂ ಹ್ರಸ್ವವೇ ಇರಬೇಕು, ಅದಕ್ಕೆ ಸಿಂಹಪ್ರಾಸವೆಂದು ಹೆಸರು. ದೀರ್ಘವಾಗಿದ್ದರೆ ದೀರ್ಘವೇ, ಅದು ಗಜಪ್ರಾಸ. ಸೊನ್ನೆ ಬಂದರೆ ವೃಷಭ. ಹೀಗೆ ಆರು ಬಗೆ. ಷಟ್ಪದಿ ಬರೆಯುವ ಕವಿಗೆ ಪ್ರತಿ ಪದ್ಯಕ್ಕೆ ಇಂಥ ಆರು ಪದಗಳು ಬೇಕು. ಕುಮಾರವ್ಯಾಸ, ಲಕ್ಷ್ಮೀಶರಂಥವರು ಎಷ್ಟು ಸಾವಿರ ಸಲ ಈ ಹುಡುಕಾಟ ನಡೆಸಿರಬೇಕು ಎಂದು ಯೋಚಿಸಿ. 20ನೇ ಶತಮಾನದ ಎರಡನೇ ದಶಕದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದಾಗ ಹೊಸಗನ್ನಡ ಕವಿತೆಗೆ ದೊಡ್ಡ ಬಿಡುಗಡೆ ಸಿಕ್ಕಿತು. ಆ ಬಿಡುಗಡೆ ಬೇಕಿತ್ತು. ಆದರೆ ಅದಕ್ಕೂ ಹಿಂದೆ, ಪ್ರಾಸದ ಈ ಕಟ್ಟುಪಾಡಿನಿಂದಲೇ ಕನ್ನಡಕ್ಕೆ ಒಂದು ಮಹೋಪಕಾರ ಆಯಿತು. ಅದನ್ನು ಹೇಳುತ್ತೇನೆ.

ಹಳಗನ್ನಡದಲ್ಲಿ ನಮ್ಮ ಇಂದಿನ ವರ್ಣಮಾಲೆಯಲ್ಲಿಲ್ಲದ ಎರಡು ಅಕ್ಷರಗಳಿದ್ದವು. ಒಂದು ಱ, ಶಕಟರೇಫ. ಇನ್ನೊಂದು ೞ, ರಳ. ಮೂರು, ಆರು, ನೂರು ಎಂದು ನಾವಿಂದು ಎಣಿಸುವಾಗ ಬರುವ ರಕಾರ ಹಿಂದೆ ಱ ಆಗಿತ್ತು. ಎರಡು ಎಂಬಲ್ಲಿರುವುದು ಮೊದಲಿನಿಂದಲೂ ನಮ್ಮ ಸಾಮಾನ್ಯ ರ. ಮಳೆ, ಬಾಳೆ, ಕೋಳಿ, ಕೊಳಲು, ಏಳು, ಇವುಗಳಲ್ಲಿ ಇದ್ದದ್ದು ೞ. ತಮಿಳರ ಬಾಯಲ್ಲಿ ಈ ಧ್ವನಿ ಇಂದಿಗೂ ಉಳಿದಿದೆ. ಎಳ್ಳು, ಮುಳ್ಳು, ಕಳ್ಳ, ಎಳೆಯದು ಎಂಬ ಅರ್ಥದ ಎಳೆ, ಇವುಗಳಲ್ಲಿ ಇದ್ದದ್ದು ಸಾಮಾನ್ಯ ಳ. ಇಂದು ಮಳೆಗೂ ಎಳೆಗೂ ಪ್ರಾಸ ಕೂಡುತ್ತದೆ. ಅಂದು ಕೂಡುತ್ತಿರಲಿಲ್ಲ. ಮೞೆ ಎಂದು ಪದ್ಯ ಶುರು ಮಾಡಿದ ಕವಿ ಮುಂದಿನ ಸಾಲಿಗೆ ಪೞೆಯ ಎನ್ನಬಹುದು, ಕೊೞಲ್ ಎನ್ನಬಹುದು. ಎಳೆ ಎಂದರೆ ಪ್ರಾಸಭಂಗ. ಮೊದಲಕ್ಷರ ಹ್ರಸ್ವ, ಎರಡನೆಯದು ೞ, ಅಂಥ ಪದಗಳು ಯಾವುವು? ಇಂದು ಮೊಬೈಲಿನಲ್ಲಿ ಐದಕ್ಷರದ ಇಂಗ್ಲಿಷ್ ಪದವನ್ನು ಊಹಿಸುವ ಆಟದ ಪ್ರಶ್ನೆಯೂ ಈ ಜಾತಿಯದೇ.

ತೊಂದರೆ ಎಲ್ಲಿ ಬಂತೆಂದರೆ, ಜನರ ಬಾಯಲ್ಲಿ ೞ ಕರಗತೊಡಗಿತು. ಳಕಾರದೊಳಗೆ ಅದು ಸೇರಿಹೋಯಿತು. ಕಿವಿ ವ್ಯತ್ಯಾಸ ಹೇಳದ ಮೇಲೆ ಹೊಸ ಕವಿಗೆ ಯಾವುದು ೞ, ಯಾವುದು ಳ ಎಂದು ತಿಳಿಯುವುದು ಹೇಗೆ? 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಇದಕ್ಕೆ ಉತ್ತರ ಕೊಟ್ಟ. ಕವಿ ಜನ್ನನ ಸೋದರಳಿಯನಾದ ಆತನಿಗೆ ಕಾವ್ಯದ ನಾಡಿ ಗೊತ್ತಿತ್ತು. ಳಕಾರಗಳನ್ನು ಕುಳ, ಕ್ಷಳ, ರಳ ಎಂದು ಬೇರ್ಪಡಿಸಿದ. ಕನ್ನಡದ್ದೇ ಆದದ್ದು ಕುಳ, ಸಂಸ್ಕೃತದ ಲಕಾರ ಬದಲಾಗಿ ಬಂದದ್ದು ಕ್ಷಳ, ೞಕಾರ ರಳ. ಸೂತ್ರ ಹೇಳಿ ಸುಮ್ಮನಾಗದೆ, ೞ ಇರುವ ಪದಗಳನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿ ಕೊಟ್ಟ. ಒಂದು ಅಕ್ಷರವನ್ನು ಹಿಡಿದು, ಅದು ಇರುವ ಪದಗಳನ್ನು ಒಟ್ಟುಗೂಡಿಸುವುದು! ರಸಪ್ರಶ್ನೆಯಲ್ಲಿ ನಾವು ಮಕ್ಕಳಿಗೆ ಕೊಡುವ ಕೆಲಸವನ್ನೇ ಏಳೂವರೆ ಶತಮಾನಗಳ ಹಿಂದೆ ಕನ್ನಡದ ದೊಡ್ಡ ವೈಯಾಕರಣ ಮಾಡಿದ್ದ. ಆತ ಮಾಡಿದ್ದು ಸಾಯುತ್ತಿರುವ ಒಂದು ಧ್ವನಿಯ ವಿಳಾಸಗಳನ್ನು ಬರೆದಿಡುವುದಕ್ಕಾಗಿ.

ಇಂಗ್ಲಿಷಿಗೂ ಕನ್ನಡಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಧ್ವನಿ ಸತ್ತರೂ ಅಕ್ಷರ ಉಳಿಯಿತು. ಕೆ-ಎನ್ ಹುಡುಕಿದರೆ ಹಳೆಯ ಧ್ವನಿಯ ಜಾಡು ಇಂದಿನ ಪುಸ್ತಕದಲ್ಲೇ ಸಿಗುತ್ತದೆ. ಕನ್ನಡ ಬಾಯಿಗೆ ತಕ್ಕಂತೆ ಬರವಣಿಗೆಯನ್ನು ತಿದ್ದಿಕೊಂಡಿತು. ಧ್ವನಿ ಹೋಯಿತು, ಹಿಂದೆಯೇ ಅಕ್ಷರವೂ ಹೋಯಿತು. ಇದರಿಂದ ನಮ್ಮ ಮಕ್ಕಳಿಗೆ ಓದುವುದು ಸುಲಭವಾಯಿತು. ನೆನಪು ಮಾತ್ರ ಪಟ್ಟಿ ಮಾಡಿದವರ ಕೈಯಲ್ಲಿ ಉಳಿಯಿತು. ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಅಚ್ಚಿಗೆ ತಂದರು. ಆಮೇಲೆ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಪದಗಳ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಹಳೆಯ ಱ, ೞ ಎರಡನ್ನೂ ಗುರುತಿಸುತ್ತಾ ಹೋದರು. ಕೋಳಿಯಲ್ಲಿ ಹಿಂದೆ ೞ ಇತ್ತು ಎಂದು ನಿಘಂಟು ನಮಗೆ ಹೇಳುವುದರ ಹಿಂದೆ ಕೇಶಿರಾಜನಂಥವರ ಪಟ್ಟಿ ಇದೆ.

ಇದೆಲ್ಲ ದೂರದ ಮಾತೆಂದು ಭಾವಿಸಬೇಡಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ, ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲೂಕುಗಳ ಶಾಸನಗಳಿವೆ. ನ್ಯಾಮತಿ ಆಗ ಹೊನ್ನಾಳಿಯ ಭಾಗ. ಜಗಳೂರಿನವು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ. ಕಾಲೇಜು ವಿದ್ಯಾರ್ಥಿಗಳು ನಮ್ಮ ಈ ಭಾಗದ ಶಾಸನಗಳನ್ನು ಕಾಲಾನುಕ್ರಮದಲ್ಲಿ ಇಟ್ಟುಕೊಂಡು, ಯಾವುದರಲ್ಲಿ ೞ ಇದೆ, ಯಾವುದರಲ್ಲಿ ಅದೇ ಪದಕ್ಕೆ ಳ ಬಂದಿದೆ ಎಂದು ಹುಡುಕಿದರೆ ನಮ್ಮ ಸೀಮೆಯ ಬಾಯಿ ಯಾವಾಗ ಬದಲಾಯಿತು ಎಂಬುದು ತಿಳಿದೀತು. ಸಂಶೋಧನೆಗೆ ಇದಕ್ಕಿಂತ ಹತ್ತಿರದ ವಿಷಯ ಬೇಕೆ?

ಅವಧಾನ ಕಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಭಾಗ ಮುಗಿಯುವುದಿಲ್ಲ. ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ ಎಂಬ ಅಂಗವಿದೆ. ಅವಧಾನಿ ಒಂದೊಂದು ಅಕ್ಷರ ಹೇಳಿದ ಹಾಗೆಲ್ಲ ಪ್ರಶ್ನೆ ಕೇಳುವ ಪೃಚ್ಛಕರು ಮುಂದೆ ಯಾವ ಅಕ್ಷರ ಬರಬಾರದು ಎಂದು ತಡೆಯುತ್ತಾರೆ. ಅವರು ಊಹಿಸಿದ ಪದವನ್ನು ಬಿಟ್ಟು, ಛಂದಸ್ಸೂ ಅರ್ಥವೂ ಕೆಡದಂತೆ ಬೇರೊಂದು ಪದವನ್ನು ಆ ಕ್ಷಣದಲ್ಲೇ ಹುಡುಕಬೇಕು. ನ್ಯಸ್ತಾಕ್ಷರಿಯಲ್ಲಿ ಇದರ ತಿರುವು: ಇಂಥ ಸ್ಥಾನದಲ್ಲಿ ಇಂಥ ಅಕ್ಷರ ಇರಲೇಬೇಕು. ದತ್ತಪದಿಯಲ್ಲಿ ಕೊಟ್ಟ ಪದಗಳನ್ನು ಪದ್ಯದೊಳಗೆ ಅಡಗಿಸಬೇಕು. ಪೃಚ್ಛಕರು ಇಂಗ್ಲಿಷ್ ಪದಗಳನ್ನು ಕೊಡುವುದೂ ಉಂಟು. ಕಾಗದವಿಲ್ಲ, ಪೆನ್ನಿಲ್ಲ, ಎಲ್ಲ ಧಾರಣೆಯಲ್ಲೇ. ಶತಾವಧಾನಿ ಆರ್. ಗಣೇಶರು ನಮ್ಮ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ಮಾಡಿ ಈ ಕಲೆಗೆ ಕನ್ನಡದಲ್ಲಿ ಹೊಸ ಜೀವ ಕೊಟ್ಟಿದ್ದಾರೆ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಒಂದು ಸಲವಾದರೂ ಮಕ್ಕಳಿಗೆ ಅವಧಾನ ತೋರಿಸಬೇಕು.

ಈಗ ನಾಲ್ಕನೆಯ ಭಾಗ. ಮನುಷ್ಯ ಧಾರಣೆಯಲ್ಲಿ ಮಾಡಿದ್ದನ್ನು ಯಂತ್ರ ಹೇಗೆ ಮಾಡುತ್ತದೆ?

ಇಂಗ್ಲಿಷಿನಲ್ಲಿ ಯಂತ್ರದ ಉಪಾಯ ಬಹಳ ಸರಳ, ಅಷ್ಟೇ ಚೆಂದ. ನಿಘಂಟಿನ ಪ್ರತಿಯೊಂದು ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿ ಅದನ್ನು ಪದದ ಗುರುತುಚೀಟಿಯಾಗಿ ಇಟ್ಟುಕೊಳ್ಳುತ್ತದೆ. ಲಿಸನ್ ಪದದ ಅಕ್ಷರಗಳನ್ನು ಜೋಡಿಸಿದರೆ ಇ-ಐ-ಎಲ್-ಎನ್-ಎಸ್-ಟಿ. ಸೈಲೆಂಟ್ ಜೋಡಿಸಿದರೂ ಅದೇ. ಎನ್‌ಲಿಸ್ಟ್ ಜೋಡಿಸಿದರೂ ಅದೇ. ಒಂದೇ ಚೀಟಿ ಇರುವವೆಲ್ಲ ಒಂದೇ ಅಕ್ಷರಗಳ ಪದಗಳು. ಹೀಗೆ ಒಮ್ಮೆ ಇಡೀ ನಿಘಂಟಿಗೆ ಚೀಟಿ ಅಂಟಿಸಿಟ್ಟರೆ ಆಮೇಲೆ ಕೇಳಿದಾಗ ಉತ್ತರ ಕ್ಷಣಮಾತ್ರದ ಕೆಲಸ. ಇದನ್ನು ಐದನೇ ತರಗತಿಯ ಮಕ್ಕಳು ನೋಟ್‌ಬುಕ್ಕಿನಲ್ಲೇ ಮಾಡಬಲ್ಲರು.

ಕನ್ನಡಕ್ಕೆ ಬಂದರೆ ಯಂತ್ರ ತಡವರಿಸುತ್ತದೆ. ಪದಬಂಧದವರ ಏಳನ್ನು ಎಣಿಸಬೇಕೋ, ತನ್ನದೇ ಹದಿಮೂರನ್ನು ಎಣಿಸಬೇಕೋ ಅದಕ್ಕೆ ನಾವು ಹೇಳಿಕೊಡಬೇಕು. ಅನುಸ್ವಾರದ ಜಾಗದಲ್ಲಿ ಕೆಲವರು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಗೊಂಡ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಡಿಟಿಪಿ ಆದ ಪುಸ್ತಕಗಳ ಕಡತಗಳಲ್ಲಿ ಕನ್ನಡ ಅಕ್ಷರದ ವೇಷದ ಹಿಂದೆ ಬೇರೆ ಸಂಕೇತಗಳಿವೆ. ಪರಿವರ್ತಿಸುವವರೆಗೂ ಅಲ್ಲಿ ಹುಡುಕಾಟ ನಡೆಯುವುದಿಲ್ಲ. ನಮ್ಮ ೞಕಾರಕ್ಕಂತೂ ವಿಚಿತ್ರ ಗತಿ ಬಂತು. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟರು, ಹೆಸರು ಬರೆಯುವಾಗ ತಪ್ಪಿ "ಫ" ಎಂಬರ್ಥದ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಆದ್ದರಿಂದ ಆ ತಪ್ಪು ಹೆಸರು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಲಾಗಿದೆ. ಅಕ್ಷರವನ್ನು ಬಲ್ಲವರು ಸಕಾಲದಲ್ಲಿ ಆ ಮೇಜಿನ ಬಳಿ ಇರಬೇಕಾಗುತ್ತದೆ.

ಈ ಮಾತಿನಿಂದಲೇ ಮೊದಲು ಹೇಳಿದ ಭಕ್ತರ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಜಾತ್ರೆಯಲ್ಲಿ ಇಲ್ಲಿ ಸೇರುವ ಬಂಜಾರ ಬಂಧುಗಳು ಯಾವ ರಾಜ್ಯದಿಂದ ಬಂದರೂ ತಮ್ಮತಮ್ಮಲ್ಲಿ ಗೋರ್ ಬೋಲಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಯಾಡಿ ಎಂದರೆ ಎಲ್ಲರಿಗೂ ತಾಯಿ. ಬರೆಯಲು ಕುಳಿತಾಗ ಮಾತ್ರ ಮಹಾರಾಷ್ಟ್ರದವರು ದೇವನಾಗರಿ ಹಿಡಿಯುತ್ತಾರೆ, ತೆಲಂಗಾಣ ಮತ್ತು ಆಂಧ್ರದವರು ತೆಲುಗು ಲಿಪಿ, ನಮ್ಮವರು ಕನ್ನಡ ಲಿಪಿ. ಮೊಬೈಲಿನಲ್ಲಿ ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಕಿವಿಗೆ ಒಂದೇ ಆದ ಯಾಡಿ ಯಂತ್ರದ ಕಣ್ಣಿಗೆ ನಾಲ್ಕು ಬೇರೆ ಪದ. ಒಂದರಲ್ಲಿ ಹುಡುಕಿದವರಿಗೆ ಉಳಿದ ಮೂರು ಸಿಗುವುದಿಲ್ಲ.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಕನ್ನಡ, ತೆಲುಗು ಲಿಪಿಗಳಲ್ಲಿ ಎ-ಏ, ಒ-ಓ ಎಂದು ಹ್ರಸ್ವ ದೀರ್ಘಗಳೆರಡಕ್ಕೂ ಬೇರೆ ಗುರುತುಗಳಿವೆ. ಹಿಂದಿ, ಮರಾಠಿಗೆ ಬಳಸುವ ದೇವನಾಗರಿಯಲ್ಲಿ ಆ ಭೇದಕ್ಕೆ ಗುರುತಿಲ್ಲ. ಆದ್ದರಿಂದ ಒಂದು ತಾಂಡಾದ ಹಿರಿಯರ ಬಾಯಲ್ಲಿ ಆ ಭೇದ ಇದ್ದರೆ ಒಂದು ಲಿಪಿ ಅದನ್ನು ಹಿಡಿದಿಡುತ್ತದೆ, ಇನ್ನೊಂದು ಕೈಬಿಡುತ್ತದೆ. ಕೇಶಿರಾಜನಿಗೆ ೞಕಾರದ ಮುಂದೆ ಎದುರಾದ ಪರಿಸ್ಥಿತಿಯೇ ಇದು. ಧ್ವನಿ ಇನ್ನೂ ಬಾಯಲ್ಲಿರುವಾಗಲೇ ಪಟ್ಟಿ ಮಾಡಬೇಕು.

ಹಾಗಾಗಿ ಈ ಊರಿನ ಮತ್ತು ಸುತ್ತಲಿನ ತಾಂಡಾಗಳ ಶಾಲೆಗಳಿಗೆ ಒಂದು ಕೆಲಸವನ್ನು ಸೂಚಿಸುತ್ತೇನೆ. ಪ್ರತಿ ಮಗುವಿಗೆ ಉದ್ದನೆಯ ಒಂದು ನೋಟ್‌ಬುಕ್ ಕೊಡಿ, ಪುಟಕ್ಕೆ ನಾಲ್ಕು ಕಂಬಸಾಲು ಎಳೆಯಿರಿ. ಮೊದಲ ಸಾಲಿನಲ್ಲಿ ಮನೆಯಲ್ಲಿ ಅಜ್ಜಿ ಆಡುವ ಗೋರ್ ಬೋಲಿಯ ಪದ, ಕನ್ನಡ ಅಕ್ಷರದಲ್ಲಿ, ಕೇಳಿಸಿದ ಹಾಗೆಯೇ. ಎರಡನೆಯದರಲ್ಲಿ ಕನ್ನಡ ಪದ. ಮೂರನೆಯದರಲ್ಲಿ ಇಂಗ್ಲಿಷ್ ಪದ, ಸ್ಪೆಲ್ಲಿಂಗ್ ಸಹಿತ. ನಾಲ್ಕನೆಯದರಲ್ಲಿ ಆ ಇಂಗ್ಲಿಷ್ ಪದದೊಳಗೆ ಇರುವ ಅಕ್ಷರಗಳ ಗುಂಪು: ಟಿ-ಐ-ಓ-ಎನ್ ಇರಲಿ, ಕೆ-ಎನ್ ಇರಲಿ, ಜಿ-ಎಚ್ ಇರಲಿ. ಮಗು ಸ್ಪೆಲ್ಲಿಂಗ್ ಕಲಿಯುವುದು ನಾಲ್ಕನೆಯ ಸಾಲಿನಿಂದ; ಊರಿಗೆ ಉಳಿಯುವುದು ಮೊದಲನೆಯದು. ಒಂದು ಪದವನ್ನು ಹೇಗೆ ಬರೆಯಬೇಕೆಂದು ಇಬ್ಬರು ಮಕ್ಕಳಿಗೆ ಭಿನ್ನಾಭಿಪ್ರಾಯ ಬಂದರೆ ಎರಡನ್ನೂ ಬರೆದಿಡಲಿ, ಯಾವ ತಾಂಡಾದ ಮಗು ಎಂದೂ ಗುರುತಿಸಲಿ. ಅಜ್ಜಿಯನ್ನು ಕೇಳಿ ಬರುವ ಕೆಲಸ ಮಗುವಿನದು. ಮೇಷ್ಟ್ರು ಅದನ್ನು ತಿದ್ದಬಾರದು. ಜಾತ್ರೆಗೆ ನಾಂದೇಡ್ ಕಡೆಯಿಂದಲೋ ಮೆಹಬೂಬ್‌ನಗರದ ಕಡೆಯಿಂದಲೋ ಬರುವವರಿಗೆ ಈ ನೋಟ್‌ಬುಕ್ಕುಗಳನ್ನು ತೋರಿಸಿ, ಅವರ ಉಚ್ಚಾರವನ್ನೂ ಅಂಚಿನಲ್ಲಿ ಬರೆಸಿಕೊಳ್ಳಿ. ಮೊದಲ ಪುಟಕ್ಕೆ ಯಾಡಿಯಿಂದ ಶುರು ಮಾಡಬಹುದು. ಅದರ ಎದುರಿನ ಇಂಗ್ಲಿಷ್ ಪದದಲ್ಲಿ ಟಿ-ಎಚ್ ಇದೆ. ಅದೇ ಟಿ-ಎಚ್ ಫಾದರ್, ಬ್ರದರ್‌ಗಳಲ್ಲೂ ಇದೆ. ಸಿಸ್ಟರಿನಲ್ಲಿ ಇಲ್ಲ, ಡಾಟರಿನಲ್ಲಿ ಜಿ-ಎಚ್ ಇದೆ. ಮೊದಲ ದಿನದ ಪಾಠಕ್ಕೆ ಇಷ್ಟು ಸಾಕು.